ಅಕ್ಕನ ಮುಖ ತುಂಬಿಕೊಂಡ ವರ್ಷ

ಅಕ್ಕನ ಮುಖ ತುಂಬಿಕೊಳ್ಳತೊಡಗಿದಾಗ ಮಾನ್ವಿಯಲ್ಲಿ ಅವಳನ್ನು ಬಲ್ಲವರೆಲ್ಲ ಖುಷಿಪಟ್ಟರು. ಬತ್ತಿದ್ದ ಗಲ್ಲ ಉಬ್ಬಿತು, ಗದ್ದದ ಕೆಳಗೆ ಇನ್ನೊಂದು ಗದ್ದ ಬಂತು, ಮೈಬಣ್ಣಕ್ಕೆ ಒಂಥರಾ ಕೆಂಪು ಸೇರಿತು. "ಮಗಳು ಬಸುರಾಗ್ಯಾಳ, ಅವ್ವನ ಮಾರಿಗಿ ಕಳಿ ಬಂದದ ನೋಡ್ರಿ" ಎಂದು ಓಣಿಯ ಹೆಂಗಸರು ನೆಟಿಗೆ ಮುರಿದರು. ನಮ್ಮ ಕಡೆ ಮನುಷ್ಯ ಸೊರಗಿದರೆ ಹತ್ತು ಮಂದಿ ನಿಲ್ಲಿಸಿ ಕೇಳುತ್ತಾರೆ, ಉಬ್ಬಿದರೆ ಒಬ್ಬರೂ ಕೇಳುವುದಿಲ್ಲ. ಉಬ್ಬಿದವರು ಉಂಡು ಸುಖವಾಗಿದ್ದಾರೆ ಎಂದೇ ತಿಳಿಯುತ್ತಾರೆ. ಈಗ ಯಾರಾದರೂ ನನ್ನೆದುರು "ಮೈ ಕೈ ತುಂಬ್ಕೊಂಡೀರಿ" ಎಂದು ಹೊಗಳಿದರೆ ನನಗೆ ಹೊಟ್ಟೆಯೊಳಗಿಂದ ಸಿಟ್ಟು ಏಳುತ್ತದೆ. ಸಿಟ್ಟು ಮಾಡಿಕೊಳ್ಳುವ ಕಸುವೂ ಈಗ ಬಹಳ ಉಳಿದಿಲ್ಲ ಅನ್ನಿ.

ನಾನಿರುವುದು ರಾಯಚೂರಿನಲ್ಲಿ, ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಂಗ್ ಕೆಲಸ. ವಾರವಿಡೀ ಮಂದಿಯ ಹೊಲದ ಜಗಳ, ಗೋಡೆಯ ಜಗಳ, ಗಂಡ ಹೆಂಡಿರ ಜಗಳ ಟೈಪ್ ಮಾಡಿ ಮಾಡಿ ತಲೆ ಹಿಟ್ಟಾಗಿರುತ್ತದೆ. ಭಾನುವಾರ ಬಂತೆಂದರೆ ಮಾನ್ವಿ ಬಸ್ ಹತ್ತುತ್ತೇನೆ. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಅಕ್ಕನ ಖಾನಾವಳಿ ಇದೆ. ಮುಂದಿನ ಕೋಣೆಯಲ್ಲಿ ಬೆಂಚು, ಹಿಂದಿನದರಲ್ಲಿ ಒಲೆ, ಅದರ ಹಿಂದೆ ಮನೆ. ಭತ್ತದ ಲಾರಿಯವರು, ಅಕ್ಕಿ ಗಿರಣಿಯ ಹಮಾಲರು, ಕಚೇರಿಗೆ ಕೆಲಸಕ್ಕೆ ಬಂದು ಸಾಹೇಬರಿಗಾಗಿ ಕಾದು ಸೋತ ರೈತರು ಅಲ್ಲಿ ಉಣ್ಣುತ್ತಾರೆ. ಗಂಡ ತೀರಿಕೊಂಡ ಮೇಲೆ ಒಬ್ಬ ಮಗಳನ್ನು ಇಟ್ಟುಕೊಂಡು ಅಕ್ಕ ಆ ಒಲೆಯ ಮುಂದೆ ಕೂತವಳು, ಎದ್ದದ್ದೇ ಕಡಿಮೆ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕೂತು ಬಡಿಯದಿದ್ದರೆ ರೊಟ್ಟಿ ರೊಟ್ಟಿಯಲ್ಲ ಎಂಬುದು ಅವಳ ಹಟ. ಕಟ್ಟೆ ಕಟ್ಟಿಸು, ನಿಂತು ಮಾಡು ಅಂದರೆ, "ನಿಂತ್ ಬಡದಿದ್ದು ಪ್ಯಾಟಿ ರೊಟ್ಟಿ, ಅದನ್ನ ನಿಮ್ ವಕೀಲರು ತಿನ್ಲಿ" ಅನ್ನುತ್ತಿದ್ದಳು.

ಹಾಗೆ ಕೂತು ಕೂತು ಮೊಣಕಾಲು ಹೋದವು. ಎದ್ದರೆ ಕೂರಲಾಗದು, ಕೂತರೆ ಏಳಲಾಗದು. ಗೋಡೆ ಹಿಡಿದು, "ಯಪ್ಪಾ, ಶಿವನೇ" ಎಂದು ಏಳುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ಅಷ್ಟರಲ್ಲಿ ದೇವದುರ್ಗಕ್ಕೆ ಕೊಟ್ಟ ಮಗಳು ಬಸುರಿಯಾದ ಸುದ್ದಿ ಬಂತು. ಅವತ್ತಿನಿಂದ ಅಕ್ಕನಿಗೆ ಒಂದೇ ಚಿಂತೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಬಾಣಂತನ ತಾನೇ ಮಾಡಬೇಕು, ಕೂಸಿಗೆ ತಾನೇ ಎರೆಯಬೇಕು. ನಮ್ಮಲ್ಲಿ ಕೂಸಿಗೆ ಎರೆಯುವುದೆಂದರೆ ಬಚ್ಚಲಲ್ಲಿ ನೆಲಕ್ಕೆ ಕೂತು, ಎರಡೂ ಕಾಲು ಉದ್ದಕ್ಕೆ ಚಾಚಿ, ಕಾಲ ಮೇಲೆ ಕೂಸನ್ನು ಹಾಕಿಕೊಂಡು ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದು. ಕಾಲು ಚಾಚಲಾರದವಳು ಅಜ್ಜಿಯಾಗಿ ಏನು ಬಂತು? ನಾನು, "ನಾ ಎರಿತೀನಿ ಬಿಡು" ಅಂದೆ.

"ನೀನಾ? ನೀ ಎರದ್ರ ಕೂಸು ನೆಗಡಿ ಬಂದು ಕೋರ್ಟಿಗಿ ಹೋಗ್ತದ" ಅಂದಳು ಅಕ್ಕ. ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. "ಈ ಕಾಲು ಆಮ್ಯಾಲೆ ಸುಟ್ಟು ಹೋಗ್ಲಿ. ಅಕೀ ಬಾಣಂತನ ಆಗೂತನ ಇದ್ರ ಸಾಕು."

ಇಂಥ ಹೊತ್ತಿನಲ್ಲಿ ಬೀಗತಿ ಬಂದಳು. ಬೀಗತಿ ಅಂದರೆ ಹುಡುಗಿಯ ಅತ್ತೆ. ದೇವದುರ್ಗದ ಹೆಂಗಸು, ಎತ್ತರದ ಆಳು, ದನಿಯೂ ಎತ್ತರ, ಮನಸ್ಸು ಕೆಟ್ಟದ್ದಲ್ಲ. ಬರುವಾಗ ಬುಟ್ಟಿಯಲ್ಲಿ ಶೇಂಗಾ, ಕರಿಬೇವು, ಅದರ ಕೆಳಗೆ ಒಂದು ಹಸಿರು ಡಬ್ಬಿ ತಂದಿದ್ದಳು. ಡಬ್ಬಿಯ ಮೇಲೆ ಗುಡ್ಡದ ಹಿಂದಿನಿಂದ ಸೂರ್ಯ ಹುಟ್ಟುವ ಚಿತ್ರ, ಒಳಗೆ ಏಲಕ್ಕಿ ವಾಸನೆಯ ಕಂದು ಪುಡಿ.

"ದಿನಾ ಹಾಲಿನ್ಯಾಗ ಒಂದೊಂದ್ ಚಮಚ ಹಾಕ್ಕೊಂಡ್ ಕುಡೀರಿ ಅಕ್ಕಾರ. ನನ್ನ ನಡಾ ಹೆಂಗಿತ್ತು? ಕೊಡ ಎತ್ತಾಕ ಆಗ್ತಿರ್ಲಿಲ್ಲ. ಈಗ ನೋಡ್ರಿ, ಎರಡ್ ಕೊಡ ಹೊರ್ತೀನಿ."

ಯಾವ ಔಷಧ ಇದು ಎಂದು ನಾನು ಕೇಳಿದೆ. ಬೀಗತಿ ನನ್ನ ಕಡೆ ತಿರುಗಿ, ಪಾಠ ಒಪ್ಪಿಸಿದಂತೆ, "ಔಷಧ ಅಲ್ರಿ ತಂಗ್ಯಾರ, ಆಹಾರ. ಬರೀ ಬೇರು, ಕಾಳು, ಕಾಯಿ. ಗುಳಿಗಿ ಅಂದ್ರ ಸೈಡ್ ಎಫೆಕ್ಟ್ ಇರ್ತದ, ಊಟಕ್ಕ ಎಲ್ಲಿ ಸೈಡ್ ಎಫೆಕ್ಟ್?" ಅಂದಳು. ರಾಯಚೂರಿನ ಯಾವುದೋ ಕಲ್ಯಾಣ ಮಂಟಪದಲ್ಲಿ ಟೈ ಕಟ್ಟಿಕೊಂಡವನೊಬ್ಬ ಮೈಕು ಹಿಡಿದು ಹೇಳಿದ್ದನಂತೆ. ಅವನು ಹೇಳಿದ್ದನ್ನು ಇವಳು ದೇವದುರ್ಗದ ಓಣಿಗೆಲ್ಲ ಹೇಳಿದ್ದಳು. ತಾನು ತಿನ್ನದೆ ಮಂದಿಗೆ ತಿನ್ನಿಸಿದವಳಲ್ಲ ಎಂಬುದನ್ನು ಮಾತ್ರ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ತನಗೆ ಗುಣವಾಯಿತು, ಎಲ್ಲರಿಗೂ ಆಗಲಿ ಎಂದಳು.

ಇನ್ನು ಬೀಗರು ಕೈಯೆತ್ತಿ ಕೊಟ್ಟದ್ದನ್ನು ಒಲ್ಲೆ ಅನ್ನುವ ತಾಕತ್ತು ಹೆಣ್ಣು ಕೊಟ್ಟವರಿಗೆ ಎಲ್ಲಿರುತ್ತದೆ? ಡಬ್ಬಿ ಬೇಡ ಅಂದರೆ ಅದು ಹುಡುಗಿಯ ಬೆನ್ನಿಗೆ ಹೋಗಿ ಮುಟ್ಟುತ್ತದೆ. ಅಕ್ಕ ಎರಡೂ ಕೈಯಲ್ಲಿ ಇಸಿದುಕೊಂಡಳು.

ಮುಂದಿನ ಭಾನುವಾರ ಹೋದರೆ ಅಕ್ಕ ಒಲೆಯ ಮುಂದೆ ಕೂತು ಪಟಪಟ ರೊಟ್ಟಿ ಬಡಿಯುತ್ತಿದ್ದಾಳೆ. ನನ್ನನ್ನು ಕಂಡವಳೇ, ಗೋಡೆ ಮುಟ್ಟದೆ, ಕೈಯ ಹಿಟ್ಟು ಕೊಡವಿಕೊಂಡು ಎದ್ದು ನಿಂತಳು. "ಹೆಂಗ?" ಅಂದಳು, ಸರ್ಕಸ್ಸಿನವರ ಹಾಗೆ. ನನಗೆ ನಿಜವಾಗಿ ಅಳು ಬಂತು. ಅಂಥ ಖುಷಿಯನ್ನು ಕೊಟ್ಟ ಪುಡಿಯ ಮೇಲೆ ಯಾರಿಗಾದರೂ ಸಂಶಯ ಬಂದೀತೇ? ನನಗೆ ಬರಲಿಲ್ಲ. ಹಸಿವೂ ಹೆಚ್ಚಿತು ಅವಳಿಗೆ, ನಸುಕಿನಲ್ಲೇ ಎದ್ದು ಮೂರಾಳಿನ ಕೆಲಸ ಮಾಡತೊಡಗಿದಳು. ಆಮೇಲೆ ಮುಖ ತುಂಬಿಕೊಂಡದ್ದು.

ಬೇಸಿಗೆ ಕಳೆಯುವ ಹೊತ್ತಿಗೆ ಕೈಮೇಲೆ ನೀಲಿ ಕಲೆ ಕಾಣಿಸಿದವು. ಎಲ್ಲಿ ತಾಗಿಸಿಕೊಂಡೆ ಅಂದರೆ ಗೊತ್ತಿಲ್ಲ. ಸಣ್ಣದಾಗಿ ಗೀರಿದರೂ ಚರ್ಮ ಸುಲಿಯುತ್ತಿತ್ತು. ಮಾನ್ವಿಯ ಡಾಕ್ಟರಲ್ಲಿ ತೋರಿಸಿದಾಗ ಶುಗರ್ ಬಂದಿದೆ, ಬಿ.ಪಿ. ಹೆಚ್ಚಾಗಿದೆ ಅಂದರು. "ಬೇರೆ ಏನರ ಔಷಧ ನಡೆದಾವೇನು?" ಎಂದು ಕೇಳಿದರು. ನಾನು ಪಕ್ಕದಲ್ಲೇ ಇದ್ದೆ. "ಇಲ್ರಿ ಯಪ್ಪಾ" ಅಂದಳು ಅಕ್ಕ. ಅವಳು ಸುಳ್ಳು ಹೇಳಲಿಲ್ಲ. ನನಗೂ ಅದು ಸುಳ್ಳು ಅನ್ನಿಸಲಿಲ್ಲ. ಬೆಳಿಗ್ಗೆ ಏನು ಉಂಡಿರಿ ಎಂದು ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಡಾಕ್ಟರು ಬಿ.ಪಿ.ಗೂ ಶುಗರಿಗೂ ಗುಳಿಗೆ ಬರೆದುಕೊಟ್ಟರು, ಅವನ್ನೂ ನುಂಗತೊಡಗಿದಳು.

ಶ್ರಾವಣ ಬಂತು. ಮಗಳ ಹೆರಿಗೆ ಸುಸೂತ್ರ ಆಗಲಿ ಎಂದು ಅಕ್ಕ ಕೃಷ್ಣೆಯ ದಂಡೆಯ ಗೂಗಲ್ ಎಂಬ ಊರಿನ ಅಲ್ಲಮಪ್ರಭುವಿಗೆ ಹರಕೆ ಹೊತ್ತಿದ್ದಳು. ಶ್ರಾವಣ ಮುಗಿಯುವ ತನಕ ಒಪ್ಪೊತ್ತು, ಅದೂ ತನ್ನ ಕೈಯಿಂದ ತನ್ನ ಒಲೆಯ ಮೇಲೆ ಮಾಡಿದ್ದು ಮಾತ್ರ. ಹೊರಗಿನ ಆಹಾರ ನಾಲಿಗೆಗೆ ಮುಟ್ಟಿಸುವಂತಿಲ್ಲ. ಹೋಟೆಲಿನ ಚಹಾ ಇಲ್ಲ, ಅಂಗಡಿಯ ಬಿಸ್ಕತ್ತು ಇಲ್ಲ. ಕಡೆಗೆ ಹೊಳೆಗೆ ಹೋಗಿ ಕೃಷ್ಣೆಯಲ್ಲಿ ಮುಳುಗೆದ್ದು ಗುಡಿಯಲ್ಲಿ ಕಾಯಿ ಒಡೆಸಿ ವ್ರತ ಬಿಡುವುದು. ಬಿ.ಪಿ., ಶುಗರಿನ ಗುಳಿಗೆಗಳನ್ನು ಮಾತ್ರ ನುಂಗುತ್ತಿದ್ದಳು. "ಔಷಧಕ್ಕ ಮಡಿ ಮೈಲಿಗಿ ಇಲ್ಲ, ದೇವ್ರು ಅದನ್ನ ಲೆಕ್ಕಕ್ಕ ಹಿಡ್ಯಂಗಿಲ್ಲ" ಎಂಬುದು ನಮ್ಮ ಅವ್ವನ ಕಾಲದಿಂದ ಬಂದ ಮಾತು. ಪುಡಿ ಔಷಧವಲ್ಲವಲ್ಲ! ಅದು ಆಹಾರ, ಯಾರೋ ಎಲ್ಲೋ ಮಾಡಿ ಡಬ್ಬಿಗೆ ತುಂಬಿದ ಹೊರಗಿನ ಆಹಾರ. ಶ್ರಾವಣದ ಮೊದಲ ದಿನವೇ ಅಕ್ಕ ಅದನ್ನು ನಿಲ್ಲಿಸಿಬಿಟ್ಟಳು.

ವಾರ ತುಂಬುವುದರೊಳಗೆ ಮಲಗಿದಳು. ವಾಂತಿ, ತಲೆ ಎತ್ತಿದರೆ ಕಣ್ಣುಕತ್ತಲೆ, ಮೈಯೆಲ್ಲ ನೋವು. ಉಪವಾಸದ ನಿತ್ರಾಣ ಎಂದು ಓಣಿಯವರು ಲಿಂಬೆಹಣ್ಣಿನ ಪಾನಕ ತಂದರೆ ಹೊರಗಿನದೆಂದು ಮುಟ್ಟಲಿಲ್ಲ. ಕಚೇರಿಗೆ ರಜೆ ಹಾಕಿ ನಾನು ಓಡಿದೆ. ದೇವದುರ್ಗದಿಂದ ಬೀಗತಿಯೂ ಬಂದಳು. ಬಂದವಳು ಸುತ್ತ ಕಣ್ಣಾಡಿಸಿ, "ಪುಡಿ ಬಿಟ್ಟೀರೇನು?" ಎಂದು ಕೇಳಿದಳು. ಅಕ್ಕನಿಗೆ ಉತ್ತರ ಕೊಡುವ ಎಚ್ಚರವಿರಲಿಲ್ಲ. ಬೀಗತಿ ಹಾಲು ಕಾಯಿಸಿ ಎರಡು ಚಮಚ ಪುಡಿ ಕದಡಿ, ತಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು. ಸಂಜೆಯ ಹೊತ್ತಿಗೆ ಅಕ್ಕ ಎದ್ದು ಕೂತಳು! ಗೋಡೆಗೆ ಒರಗಿ ಮಾತಾಡಿಸಿದವರಿಗೆಲ್ಲ ಉತ್ತರ ಕೊಟ್ಟಳು.

"ನೋಡಿದ್ರಿಲ್ಲೋ?" ಎಂದು ಬೀಗತಿ ಬಾಗಿಲಲ್ಲಿ ನೆರೆದವರಿಗೆ ಹೇಳಿದಳು. "ಬಿಟ್ಟಿದ್ದಕ್ಕ ಬಿದ್ದಾಳ, ಕೊಟ್ಟಿದ್ದಕ್ಕ ಎದ್ದಾಳ. ಇನ್ನೇನ್ ಸಾಕ್ಷಿ ಬೇಕ್ರಿ?"

ನಿಜ ಹೇಳಬೇಕೆಂದರೆ ಅಂಥ ಸಾಕ್ಷಿಯನ್ನು ನಾನು ಯಾವ ಕೇಸಿನಲ್ಲೂ ಟೈಪ್ ಮಾಡಿಲ್ಲ. ಅವತ್ತೇ ಓಣಿಯ ನಾಲ್ಕಾರು ಮನೆಯವರು ತಮಗೂ ಒಂದೊಂದು ಡಬ್ಬಿ ಬೇಕೆಂದರು. ಪಕ್ಕದ ಮನೆಯ ಖಾಲಾ, "ಹಮಾರೆ ಘರ್‌ಕೋ ಬೀ ಏಕ್ ಲಾದೋ ಅಮ್ಮಾ" ಎಂದು ತನ್ನ ಗಂಡನ ಮೊಣಕಾಲಿಗಾಗಿ ಬೇಡಿಕೊಂಡಳು.

ಸಂತೋಷವಿಲ್ಲದವಳು ಅಕ್ಕ ಒಬ್ಬಳೇ. ಬೀಗತಿ ಬಸ್ ಹತ್ತಿದ ಮೇಲೆ ನನ್ನನ್ನು ಹರಿದು ತಿಂದಳು. "ಎಚ್ಚರ ಇಲ್ದಾಗ ಹೊರಗಿಂದು ಕುಡ್ಸೀರಿ. ನನ್ ವ್ರತಾ ಕೆಡ್ಸೀರಿ. ನೀ ಏನ್ ಕುಂತ್ ನೋಡಾಕತ್ತಿದ್ದೇನು?"

"ಔಷಧ ಅಂತ ತಿಳ್ಕೊಂಡ್ ತಗೋಬೇ. ಜೀವಾ ಉಳದ್ರ ವ್ರತಾ."

"ಔಷಧ ಅಲ್ಲ ಅಂತ ಅವ್ರ ಬಾಯ್ಲೆ ಹೇಳ್ಯಾರಲ್ಲ. ಔಷಧ ಅಂತ ಸುಳ್ಳ್ ಹೇಳಿ ದೇವ್ರಿಗಿ ಟೋಪಿ ಹಾಕ್ಲೇನು? ಅದೂ ಹುಡ್ಗಿ ಹೊಟ್ಟಿ ಮ್ಯಾಲಿನ ಹರಕಿ?"

ಕೆಟ್ಟ ವ್ರತವನ್ನು ಸರಿಪಡಿಸಲು ಮರುದಿನದಿಂದ ಇನ್ನಷ್ಟು ಬಿಗಿ ಮಾಡಿದಳು. ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದಳು. ನಾನು ರಾಯಚೂರಿಗೆ ಮರಳಿದೆ. ಸ್ವಲ್ಪ ದಿನಕ್ಕೆ ಖಾನಾವಳಿಗೆ ಉಣ್ಣಲು ಬಂದ ಹಮಾಲನೊಬ್ಬ ಅಕ್ಕನ ಫೋನಿನಿಂದಲೇ ನನಗೆ ಫೋನ್ ಮಾಡಿದ. "ಲಗೂನ ಬರ್ರಿ, ರೊಟ್ಟಿ ಬಡೀತ ಬಡೀತ ಒಲಿ ಬಾಜೂಕ ಬಿದ್ದಾರ್ರಿ" ಅಂದ. ಬೆಂಕಿಯ ಕಡೆಗೆ ಬೀಳದೆ ಈ ಕಡೆಗೆ ಬಿದ್ದದ್ದು ಪುಣ್ಯ. ಹಮಾಲರೇ ಜೀಪಿಗೆ ಹಾಕಿ ರಾಯಚೂರಿನ ಆಸ್ಪತ್ರೆಗೆ ತಂದರು.

ನಾನು ಹೋದಾಗ ಅಕ್ಕನ ಕೈಗೆ ಸಲೈನು ಏರಿಸಿದ್ದರು. ಬಿ.ಪಿ. ಪಾತಾಳಕ್ಕೆ ಇಳಿದಿತ್ತು. ದುಂಡಗಿನ ಮುಖ ಬಿಳಿಚಿಕೊಂಡು, ಯಾರದೋ ಮುಖ ತಂದು ಅಂಟಿಸಿದಂತಿತ್ತು. ಡಾಕ್ಟರು ನಡುವಯಸ್ಸಿನವರು, ಅವರೂ ಎಲ್ಲಿಯೋ ನಿದ್ದೆಗೆಟ್ಟು ಬಂದಂತಿದ್ದರು. ಅಕ್ಕನ ಮುಖ ನೋಡಿದರು, ತೋಳಿನ ನೀಲಿ ಕಲೆ ನೋಡಿದರು, ಹೊಟ್ಟೆಯ ಮೇಲಿನ ಕೆಂಪು ಗೆರೆ ನೋಡಿದರು.

"ಸ್ಟೀರಾಯ್ಡ್ ಏನರ ತಗೋತಿದ್ರೇನು?"

"ಇಲ್ರಿ" ಅಂದೆ ನಾನು. "ಬಿ.ಪಿ.ದು, ಶುಗರಿಂದು, ಅಷ್ಟ."

"ಮೊಣಕಾಲಿಗಿ ಯಾರರ ಪುಡಿ ಗಿಡಿ ಕೊಟ್ಟಾರೇನು?"

ಕಣ್ಣು ಮುಚ್ಚಿಕೊಂಡಿದ್ದ ಅಕ್ಕ, ಅಷ್ಟು ನಿತ್ರಾಣದಲ್ಲೂ, ತಪ್ಪು ತಿದ್ದುವವಳಂತೆ ಹೇಳಿದಳು. "ಅದು ಔಷಧ ಅಲ್ರಿ ಯಪ್ಪಾ. ಆಹಾರ."

ಡಾಕ್ಟರು ನರ್ಸನ್ನು ಕರೆದು ಏನೋ ಇಂಜೆಕ್ಷನ್ ಹೇಳಿದರು. ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, "ಎಲ್ಲಾರೂ ಇದ ಮಾತ್ ಹೇಳ್ತಾರ್ರೀ, ಸಾಕಾಗಿ ಹೋಗ್ಯಾದ" ಅಂದರು. ಬೇರು ಕಾಳಿನ ಪುಡಿಯೊಳಗೆ ಸ್ಟೀರಾಯ್ಡ್ ಬೆರೆಸಿರುತ್ತಾರಂತೆ, ನೋವು ತಟ್ಟನೆ ಕಡಿಮೆಯಾಗಲಿ ಎಂದು. ಅಂಥದೇ ಒಂದು ರಸವನ್ನು ನಮ್ಮ ಮೈ ತಾನೇ ದಿನಾ ಇಷ್ಟಿಷ್ಟು ಮಾಡಿಕೊಳ್ಳುತ್ತದಂತೆ. "ದಿನಾ ಹೊರಗಿಂದ ರೊಟ್ಟಿ ತರಿಸಿದ್ರ ಮನ್ಯಾಗ ಒಲಿ ಹಚ್ಚೋದ ಬಿಟ್ಬಿಡ್ತಾರಲ್ರಿ, ಹಂಗ ಮೈ ಮರ್ತ್ಬಿಡ್ತದ. ಆಮ್ಯಾಲೆ ಹೊರಗಿಂದು ಒಮ್ಮಿಗೇ ನಿಂತ್ರ? ಒಳಗೂ ಇಲ್ಲ, ಹೊರಗೂ ಇಲ್ಲ. ಜೀವಾನ ಹೋಗ್ತದ." ಇನ್ನು ಗುಳಿಗೆಯಾಗಿ ಕೊಟ್ಟು, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು ಎಂದರು. ಬೇರೆ ಯಾರು ಯಾರು ತಿನ್ನುತ್ತಿದ್ದಾರೋ ಅವರು ಗಾಬರಿಯಾಗಿ ಒಮ್ಮೆಗೇ ಬಿಡಬಾರದು, ಡಾಕ್ಟರಿಗೆ ತೋರಿಸಿಯೇ ಬಿಡಬೇಕು ಎಂದೂ ಹೇಳಿದರು.

ಬೀಗತಿ ಕುಡಿಸಿದ್ದಕ್ಕೆ ಅಕ್ಕ ಎದ್ದು ಕೂತದ್ದು ಯಾಕೆಂದು ಆಗ ನನಗೆ ತಿಳಿಯಿತು. ನಾಟಕವಲ್ಲ, ಸುಳ್ಳಲ್ಲ. ಕೆಡವಿದ್ದೂ ಅದೇ, ಎಬ್ಬಿಸಿದ್ದೂ ಅದೇ. ಹಾಳಾದ್ದು.

ಎರಡು ದಿನಕ್ಕೆ ಅಕ್ಕ ಮಾತಾಡುವಂತಾದಳು. ಡಾಕ್ಟರು ಎಷ್ಟು ತಿನ್ನುತ್ತಿದ್ದಿರಿ ಎಂದು ಕೇಳಿದರು. "ಮುಂಜಾನಿ ಒಂದ್ ಚಮಚ, ಸಂಜಿಗಿ ಒಂದ್ ಚಮಚ" ಅಂದಳು. ಅವರು ಬರೆದುಕೊಳ್ಳುವಷ್ಟರಲ್ಲಿ, "ನನ್ ಡಬ್ಬೀದು ಅಷ್ಟು. ಅಕೀ ಡಬ್ಬೀದೂ ಅಷ್ಟ" ಎಂದು ಸೇರಿಸಿದಳು. ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ ಎರಡು ಪಟ್ಟು ಎಂದು ಬರೆದರು.

"ಯಾರ್ ಡಬ್ಬೀದು?" ಅಂದೆ ನಾನು.

"ಹುಡ್ಗೀದು. ಶಕ್ತಿ ಬರ್ಲಿ ಅಂತ ಅತ್ತಿ ಅಕೀಗೂ ತಿಂಗಳಾ ಒಂದ್ ಕೊಡ್ತಿದ್ಳು. ಅಕಿ ನನಗ ಕಳಿಸ್ತಿದ್ಳು."

ನಾನು ಅಕ್ಕನ ಮುಖ ನೋಡಿದೆ. ಅವಳಿಗೂ ಆ ಹೊತ್ತಿಗೇ ಹೊಳೆದಿರಬೇಕು. ಸಲೈನಿನ ಸೂಜಿಯಿದ್ದ ಕೈಯಿಂದಲೇ ನನ್ನ ಮಣಿಕಟ್ಟು ಹಿಡಿದಳು. "ಎಲ್ಲಾ ಕಳಿಸ್ಯಾಳಲ್ಲ? ತಾನೂ ಒಂದೀಟು ತಿಂದಿರ್ತಾಳೇನು? ಹೊಟ್ಟ್ಯಾಗಿನ ಕೂಸಿಗಿ ಏನರ ಆಗಿರ್ತದೇನು? ನೀ ಹೋಗಿ ಕೇಳ್ಕೊಂಡ್ ಬಾ. ಫೋನಿನ್ಯಾಗ ಬ್ಯಾಡ. ಅತ್ತಿ ಬಾಜೂಕ ಇದ್ರ ಅಕಿ ಖರೇ ಹೇಳಂಗಿಲ್ಲ."

ದೇವದುರ್ಗದ ಬಸ್ಸಿನಲ್ಲಿ ಕೂತು ನಾನು ಯಾರ ಮೇಲೆ ಸಿಟ್ಟಾಗಬೇಕೆಂದು ದಾರಿಯುದ್ದಕ್ಕೂ ಯೋಚಿಸಿದೆ. ಒಬ್ಬರೂ ಸಿಗಲಿಲ್ಲ. ಟೈ ಕಟ್ಟಿದವನ ಮುಖವನ್ನೇ ನಾನು ನೋಡಿಲ್ಲ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ಪಕ್ಕದವಳ ಕೋಳಿ ನನ್ನ ಸೀರೆಯ ಮೇಲೆ ಹೇತಿತು. ಅದರ ಮೇಲೂ ಸಿಟ್ಟು ಬರಲಿಲ್ಲ, ಅಷ್ಟು ದಣಿದಿದ್ದೆ.

ಬೀಗತಿ ಚಹಾ ಇಡಲು ಒಳಗೆ ಹೋದಳು. ತಲೆ ಬಾಚುವ ನೆವದಲ್ಲಿ ನಾನು ಹುಡುಗಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೂರಿಸಿಕೊಂಡೆ. ಕೂದಲಿಗೆ ಹಣಿಗೆ ಹಾಕಿ ಮೆಲ್ಲಗೆ ಕೇಳಿದೆ.

"ಒಂದ್ ಚಮಚನೂ ತಿಂದಿಲ್ಲ ಚಿಗವ್ವ, ನಿನ್ನಾಣೆ. ವಾಸನಿ ಬಡದ್ರ ವಾಂತಿ ಬರ್ತಿತ್ತು. ಯವ್ವಗ ಅದ್ರಿಂದ ಕಾಲಿಗಿ ಚೊಲೋ ಆಗ್ಯಾದ ಅಂತ ಗೊತ್ತಾತಲ್ಲ, ಅದಕ್ಕ ಗಂಟಿನ್ಯಾಗ ಸುತ್ತಿ ಮಾನ್ವಿ ಬಸ್ಸಿನ ಡ್ರೈವರ್ ಕೈಯಾಗ ಕೊಟ್ ಕಳಿಸ್ತಿದ್ದೆ. ಅತ್ತಿ ಮುಂದ ಹೇಳಬ್ಯಾಡ. ಯಾಕ, ಏನಾತು?"

"ಏನಿಲ್ಲ. ಉಪಾಸಕ್ಕ ನಿತ್ರಾಣ ಆಗ್ಯಾಳ. ಈಗ ಅಡ್ಡಿಯಿಲ್ಲ" ಅಂದೆ. ಜಡೆ ಬಿಗಿಯಾಗಿ ಹೆಣೆದೆ.

ಬೀಗತಿಗೆ ಮಾತ್ರ ಹೇಳಲೇಬೇಕಿತ್ತು. ಹುಡುಗಿಯನ್ನು ಅಂಗಡಿಗೆ ಕಳಿಸಿ, ಡಾಕ್ಟರು ಹೇಳಿದ್ದನ್ನು ಹೇಳಿದೆ. ಎರಡನೆಯ ಡಬ್ಬಿಯ ಮಾತು ತೆಗೆಯಲಿಲ್ಲ. ಅವಳ ಮುಖ ಮೊದಲು ಕೆಂಪಾಯಿತು. "ಅಂದ್ರ ನಾ ವಿಷ ಕೊಟ್ಟೀನಿ ಅಂತೀರೇನು? ನನ್ ಸೊಸಿ ಹಡದವ್ವಗ ನಾ ವಿಷ ಕೊಡ್ತೀನೇನು?"

"ಹಂಗ್ ಯಾರ್ ಅಂದ್ರು ಅಕ್ಕಾರ? ನೀವೂ ತಿಂತೀರಲ್ಲ. ಅದಕ್ಕ ಹೇಳಾಕ ಬಂದೀನಿ. ಒಮ್ಮಿಗೇ ಬಿಡಬ್ಯಾಡ್ರಿ, ರಾಯಚೂರಿಗಿ ಬಂದು ತೋರಿಸ್ರಿ."

ಬೀಗತಿ ಕುಪ್ಪಸದ ತೋಳನ್ನು ಮೇಲಕ್ಕೆ ಸರಿಸಿದಳು. ಅಕ್ಕನ ತೋಳಿನಲ್ಲಿದ್ದ ಅವೇ ನೀಲಿ ಕಲೆಗಳು. "ಕೊಡದ ಕಂಠ ತಾಗಿರ್ಬೇಕು ಅಂದ್ಕೊಂಡಿದ್ದೆ" ಅಂದಳು. ಆ ಎತ್ತರದ ದನಿ ಎಲ್ಲಿ ಹೋಯಿತೋ. "ಎಷ್ಟ್ ಮನಿಗಿ ಕೊಟ್ಟೀನಿ ತಂಗ್ಯಾರ... ಎಲ್ಲಾರ ಮನಿಗೂ ನಾನ ಹೋಗಿ ಕೊಟ್ಟೀನಿ."

ಅವಳು ರಾಯಚೂರಿಗೆ ಬಂದು ತೋರಿಸಿದಳು, ಗುಳಿಗೆ ತೆಗೆದುಕೊಂಡಳು. ಕೊಟ್ಟ ಮನೆಗಳಿಗೆಲ್ಲ ತಿರುಗಿ ಹೋಗಿ ಹೇಳಿಯೂ ಬಂದಳು. ಕೆಲವರು ಬಾಯಿಗೆ ಬಂದಂತೆ ಬೈದರಂತೆ. ಕೆಲವರು ನಂಬಲೇ ಇಲ್ಲವಂತೆ, ಮಾಲು ತೀರಿದ್ದಕ್ಕೆ ಈ ಆಟ ಹೂಡಿದ್ದಾಳೆ ಅಂದರಂತೆ. ಮಾನ್ವಿಯ ಖಾಲಾಳಿಗೆ ನಾನೇ ಹೇಳಿದೆ. ಟೈ ಕಟ್ಟಿದವನ ಫೋನು ಬಂದ್ ಆಗಿತ್ತು. ದೂರು ಕೊಟ್ಟ ಮೇಲೆ ಆರೋಗ್ಯ ಇಲಾಖೆಯವರು ಬಂದು ಉಳಿದ ಪುಡಿಯನ್ನು ಪರೀಕ್ಷೆಗೆಂದು ಒಯ್ದರು, ವರದಿ ಬರುತ್ತದೆ ಎಂದರು. ನಾನು ಎರಡು ಸಲ ಹೋಗಿ ಕೇಳಿದೆ, ಆಮೇಲೆ ಬಿಟ್ಟೆ. ಈಚೆಗೆ ಸಿರವಾರದ ಸಂತೆಯಲ್ಲಿ ಅದೇ ಏಲಕ್ಕಿ ವಾಸನೆಯ ಪುಡಿ ಮಾರುವುದನ್ನು ಕಂಡೆ, ಡಬ್ಬಿ ನೀಲಿ, ಮೇಲೆ ಆನೆಯ ಚಿತ್ರ. ಮಾರುವವನ ಜೊತೆ ಜಗಳ ತೆಗೆದೆ. ಕೊಳ್ಳಲು ನಿಂತ ಮುದುಕಿಯೇ ನನ್ನನ್ನು ಗದರಿ ಅತ್ತ ಕಳಿಸಿದಳು.

ಅಕ್ಕನ ಜೀವ ಉಳಿಯಿತು. ಆದರೆ ಎಕ್ಸ್‌ರೇ ತೆಗೆದಾಗ ಬೆನ್ನಿನ ಎಲುಬೊಂದು ಜಜ್ಜಿಹೋಗಿತ್ತು, ತೊಡೆಯ ಕೀಲು ಸವೆದಿತ್ತು. ಮೊಣಕಾಲು ಮಾತ್ರ ಕೆಟ್ಟಿದ್ದ ಹೆಂಗಸು ಈಗ ನಡುವನ್ನೂ ಕಳೆದುಕೊಂಡಿದ್ದಳು. ನೆಲಕ್ಕೆ ಕೂರಲೇಬಾರದು, ಭಾರ ಎತ್ತಬಾರದು ಎಂದರು ಡಾಕ್ಟರು. "ಕೂಸಿಗಿ ಎರಿಬೇಕ್ರಿ ನಾನು" ಅಂದಳು ಅಕ್ಕ. ಅವರು ನನ್ನ ಮುಖ ನೋಡಿದರು. "ಆಗಂಗಿಲ್ಲಮ್ಮ" ಎಂದು ಅವರೇ ಹೇಳಬೇಕಾಯಿತು. ಅಕ್ಕ ಅವತ್ತು ಅತ್ತಷ್ಟು ಆಸ್ಪತ್ರೆಯಲ್ಲಿ ಅಷ್ಟು ದಿನ ನೋವಿಗೂ ಅತ್ತಿರಲಿಲ್ಲ.

ಹುಡುಗಿ ಹೆರಿಗೆಗೆ ಮಾನ್ವಿಗೆ ಬಂದಳು. ಹೆಣ್ಣು ಕೂಸು, ಗುಂಡಗೆ, ಚೆನ್ನಾಗಿತ್ತು. ಅಷ್ಟರಲ್ಲಿ ಖಾನಾವಳಿಯ ರೊಟ್ಟಿಯನ್ನು ಸಂಬಳಕ್ಕೆ ಬಂದ ಹೆಂಗಸು ಹೊಸ ಕಟ್ಟೆಯ ಮುಂದೆ ನಿಂತು ಬಡಿಯುತ್ತಿದ್ದಳು. ಅಕ್ಕನ ಮುಖ ಇಳಿದು ಚರ್ಮ ಜೋತುಬಿದ್ದಿತ್ತು. ಕೂಸನ್ನು ನೋಡಲು ಬಂದವರು ಅವಳನ್ನು ನೋಡಿ, "ಯಾಕ್ರೀ ಇಷ್ಟ್ ಸೊರಗೀರಿ? ಬ್ಯಾಸಗ್ಯಾಗ ಎಷ್ಟ್ ಚೊಲೋ ಇದ್ರಿ" ಎನ್ನುತ್ತಿದ್ದರು. ಬೀಗತಿಯೂ ಬಂದು ಬೆಳ್ಳಿಯ ಕಾಲ್ಗಡಗ ಹಾಕಿ ಹೋದಳು. ಹೋಗುವಾಗ ಅಕ್ಕನ ಕಾಲಿಗೆ ಬಿದ್ದಳು. ಬೀಗತಿ ಬೀಗತಿಯ ಕಾಲಿಗೆ ಬೀಳುವುದುಂಟೇ? ಅಕ್ಕ ಬಗ್ಗಿ ಎಬ್ಬಿಸಲಾರದೆ, "ಏಳ್ರೀ, ಏಳ್ರೀ, ನನಗ ಬಗ್ಗಾಕ ಬರಂಗಿಲ್ಲ" ಎಂದಳು. ಪುಡಿಯಿಂದಲೇ ಹೀಗಾದದ್ದು ಎಂಬ ಸುದ್ದಿ ಅಷ್ಟರಲ್ಲಿ ಹುಡುಗಿಯ ಕಿವಿಗೂ ಬಿದ್ದಿತ್ತು. ಅವಳು ಯಾರನ್ನೂ ಏನೂ ಕೇಳಲಿಲ್ಲ.

ಎರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಚೇರಿಗೆ ದೀರ್ಘ ರಜೆ ಹಾಕಿದೆ. ಬೆಳಿಗ್ಗೆ ಬಚ್ಚಲಲ್ಲಿ ನಾನು ಕಾಲು ಚಾಚಿ ಕೂರುವುದು, ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಕ್ಕ ಕೂರುವುದು. "ತಲಿ ಹಿಡಿ, ತಲಿ! ಕುತಿಗಿ ಕೆಳಗ ಕೈ ಕೊಡು. ಏ ಮೂಳಿ, ನೀರ್ ಮೂಗಿನ್ಯಾಗ ಹೋಗ್ತದ" ಎಂದು ಅವಳು ಕೂತಲ್ಲಿಂದಲೇ ಕೂಗುವುದು. ಅವಳ ಎರಡೂ ಕೈ ಗಾಳಿಯಲ್ಲಿ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದವು.

ಒಂದು ದಿನ ಹಾಗೆ ಎರೆಯುತ್ತಿದ್ದಾಗ, ಒಳಗೆ ಹೊರಸಿನ ಮೇಲೆ ಮಲಗಿದ್ದ ಹುಡುಗಿ ಕೂಗಿ ಕೇಳಿದಳು. "ಯವ್ವಾ, ನಾ ಕಳಿಸ್ತಿದ್ದ ಡಬ್ಬಿ ಏನ್ ಮಾಡಿದಿ?"

"ಯಾವ್ ಡಬ್ಬಿಬೇ?" ಅಂದಳು ಅಕ್ಕ, ತಡೆಯದೆ.

"ಡ್ರೈವರ್ ಕೈಯಾಗ ಕಳಿಸ್ತಿದ್ನೆಲ್ಲ, ಪುಡೀದು."

"ಓ, ಅವಾ? ನಿಮ್ಮತ್ತಿ ಕೊಟ್ಟಿದ್ದ ನನಗ ಹೆಚ್ಚಾಗಿತ್ತು, ಅವನ್ ಯಾರ್ ತಿಂತಾರ? ಮೋರಿಗಿ ಸುರುವೀನಿ."

"ಎಲ್ಲಾನೂ?"

"ಎಲ್ಲಾನೂ. ಒಂದ್ ಚಮಚ ಮುಟ್ಟಿಲ್ಲ. ಬೇಕಾದ್ರ ನಿಮ್ ಚಿಗವ್ವನ ಕೇಳು."

ಅಕ್ಕ ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ, ಅಪ್ಪಣೆಯಿತ್ತು. ಮೇಲೆ ಹೇಳಿದ್ದೆಲ್ಲ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ ಎಂದು ಕೋರ್ಟಿನ ಪ್ರಮಾಣಪತ್ರಗಳ ಕೊನೆಗೆ ಮಂದಿಯ ಪರವಾಗಿ ನಾನು ಎಷ್ಟು ಸಲ ಟೈಪ್ ಮಾಡಿದ್ದೇನೋ. "ಹೌದಬೇ, ನಾನ ಕಣ್ಲೆ ನೋಡೀನಿ" ಎಂದು ಗಟ್ಟಿಯಾಗಿ ಹೇಳಿದೆ.

ಒಳಗೆ ಹುಡುಗಿ ಅಳತೊಡಗಿದಳು. ಇಷ್ಟು ದಿನ ಎಲ್ಲಿ ಹಿಡಿದಿಟ್ಟುಕೊಂಡಿದ್ದಳೋ, ಬಾಯಿ ಬಿಟ್ಟು, ಸಣ್ಣವಳಿದ್ದಾಗ ಅಳುತ್ತಿದ್ದಂತೆ ಅತ್ತಳು. ನಮ್ಮ ಮಾತು ನಂಬಿ ಅತ್ತಳೋ, ನಂಬದೆ ಅತ್ತಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಅಳಬಾರ್ದು, ಬಾಣಂತಿ ಅಳಬಾರ್ದಬೇ" ಎಂದು ಅಕ್ಕ ಕೂಗಿದಳು. ಕುರ್ಚಿಯ ಎರಡೂ ಕೈ ಹಿಡಿದು ಏಳಲು ನೋಡಿದಳು. ಅರ್ಧ ಎದ್ದಳು, ಮುಖ ಕಿವುಚಿಕೊಂಡು ಮತ್ತೆ ಕುಸಿದಳು. "ನೀನರ ಹೋಗು" ಎಂದು ನನಗೆ ಹೇಳಿದಳು. ನನ್ನ ಕಾಲ ಮೇಲೆ ಎಣ್ಣೆಯಲ್ಲಿ ಜಾರುವ ಕೂಸಿತ್ತು, ನಾನು ಹೇಗೆ ಏಳಲಿ? ಹುಡುಗಿಯ ಅಳು ತಾನಾಗಿ ನಿಲ್ಲುವ ತನಕ ನಾವಿಬ್ಬರೂ ಅಲ್ಲೇ ಕೂತಿದ್ದೆವು.